ಎರಡು ತಾಸಿಗೂ ಒಂದು, ನಾಲ್ಕು ತಾಸಿಗೂ ಒಂದು: ನಮ್ಮ ಡಯಾಲಿಸಿಸ್ ಘಟಕದ ವಿಮರ್ಶೆ

ಆಸ್ಪತ್ರೆ ಯಾವ ಊರಿನದು ಎಂದು ಬರೆಯುವುದಿಲ್ಲ. ಉತ್ತರ ಕನ್ನಡದ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದು. ಘಟ್ಟದ ಮೇಲಿನದೋ ಕೆಳಗಿನದೋ ಎಂಬುದನ್ನು ಊಹಿಸುವ ಶ್ರಮ ಬೇಡ. ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಲ್ಲಿ ಸೋಸುವ ಡಯಾಲಿಸಿಸ್ಸಿನ ಗುತ್ತಿಗೆ ಹಿಡಿದ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಸ್ವಲ್ಪ ಹೆದರಿಕೆ ಇದೆ ಎಂದೇ ಇಟ್ಟುಕೊಳ್ಳಿ. ನಾಡಿದ್ದು ಬೆಳಿಗ್ಗೆ ಅದೇ ಹಾಸಿಗೆಯ ಮೇಲೆ ನನ್ನ ಹೆಂಡತಿ ಮಲಗಬೇಕು, ಅದೇ ಹುಡುಗ ಅವಳ ಕೈಗೆ ಸೂಜಿ ಚುಚ್ಚಬೇಕು.

ಮಿಕ್ಸರ್ ಕೊಂಡರೆ, ಖಾನಾವಳಿಯಲ್ಲಿ ಉಂಡರೆ ಜನ ನಕ್ಷತ್ರ ಕೊಟ್ಟು ನಾಲ್ಕು ಸಾಲು ಬರೆಯುತ್ತಾರೆ. ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ, ಹೀಗೆ ಮೂರು ವರ್ಷದಿಂದ ಬಳಸುತ್ತಿರುವ ಸೇವೆಯ ಬಗ್ಗೆ ಒಂದು ಸಾಲೂ ಬರೆಯದೆ ಕೂತಿದ್ದೇನಲ್ಲ ಎಂದು ಮೊನ್ನೆ ಬಸ್ಸಿನಲ್ಲಿ ಅನ್ನಿಸಿತು. ನಾನು ಸೇವಾ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಶಿರಸಿ ಸೀಮೆಯಲ್ಲಿ ಹದಿನೆಂಟು ಗುಂಟೆ ಅಡಿಕೆ ತೋಟ. ಲೆಕ್ಕದ ಪುಸ್ತಕ ಕಂಡರೆ ಕೈ ತಾನಾಗಿ ಪೆನ್ನಿನ ಕಡೆಗೆ ಹೋಗುತ್ತದೆ. ಈ ವಿಮರ್ಶೆಯಲ್ಲಿ ಆ ಚಾಳಿ ಕಾಣಿಸಿದರೆ ಕ್ಷಮಿಸಿ.

ಮೊದಲು ಒಳ್ಳೆಯದನ್ನು ಹೇಳಬೇಕು, ಅದು ದೊಡ್ಡದು. ಈ ಘಟಕ ಇಲ್ಲದಿದ್ದರೆ ನಾವು ವಾರಕ್ಕೆ ಮೂರು ದಿನ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಿತ್ತು. ನಿಜವಾಗಿ ಹೇಳಬೇಕೆಂದರೆ ಎರಡು ತಿಂಗಳು ಹೋಗಿ, ಆಮೇಲೆ ಹೋಗುವುದನ್ನು ಬಿಟ್ಟಿರುತ್ತಿದ್ದೆವು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ದನಿ ಎತ್ತಿದ್ದು ಸುಮ್ಮನೆ ಅಲ್ಲ. ನಮ್ಮ ಘಟಕದಲ್ಲಿ ಐದು ಯಂತ್ರಗಳಿವೆ, ದಿನಕ್ಕೆ ಮೂರು ಪಾಳಿ. ಬಿಪಿಎಲ್ ಕಾರ್ಡಿನವರು ದುಡ್ಡು ಕೊಡಬೇಕಿಲ್ಲ. ಕೋಣೆ ಸ್ವಚ್ಛವಾಗಿದೆ. ಫ್ಯಾನು ಜೋರು, ಚಳಿಯಾಗುವಷ್ಟು ಜೋರು.

ಇನ್ನು ಟೆಕ್ನಿಷಿಯನ್ ಹುಡುಗ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಬಯಲುಸೀಮೆಯವನು, ನಮ್ಮ ಕಡೆಯ ಮಳೆಗೆ ಇನ್ನೂ ಒಗ್ಗಿಕೊಂಡಿಲ್ಲ. ಅವನ ಕೈ ಮಾತ್ರ ಪಳಗಿದ ಕೈ. ನನ್ನವಳ ಎಡಗೈಯಲ್ಲಿ ರಕ್ತನಾಳ ಜೋಡಿಸಿದ ಫಿಸ್ಟುಲಾ ಇದೆ. ಆ ಕೈಯಲ್ಲಿ ಬಿಪಿ ನೋಡುವಂತಿಲ್ಲ, ಕೊಡಪಾನ ಎತ್ತುವಂತಿಲ್ಲ, ಬಳೆಯನ್ನೂ ತೆಗೆದಿಟ್ಟಿದ್ದಾಳೆ. ಹುಡುಗ ಮೊದಲು ಮೂರು ಬೆರಳನ್ನು ಅದರ ಮೇಲೆ ಹಗುರವಾಗಿ ಇಟ್ಟು ಕಣ್ಣು ಮುಚ್ಚುತ್ತಾನೆ. ಒಳಗೆ ಗುಂಯ್ ಎನ್ನುವ ನಡುಕ ಸಿಗಬೇಕು, ಮುಚ್ಚಿದ ಡಬ್ಬಿಯೊಳಗೆ ದುಂಬಿ ಇದ್ದಂತೆ. ಸಿಕ್ಕಿದ ಮೇಲೆಯೇ ಸೂಜಿ ಬಿಚ್ಚುವುದು. "ಅಮ್ಮಾ, ನಿನ್ನೆ ಎಷ್ಟು ಲೋಟ ನೀರು ಕುಡಿದಿರಿ?" ಎಂದು ಕೇಳುತ್ತಾ ಚುಚ್ಚಿಬಿಡುತ್ತಾನೆ. ಅವಳು ಸುಳ್ಳು ಹೇಳುವಷ್ಟರಲ್ಲಿ ಎರಡೂ ಸೂಜಿ ಒಳಗಿರುತ್ತವೆ. ಸುಳ್ಳು ಹೇಳಿ ಉಪಯೋಗವೂ ಇಲ್ಲ, ತೂಕದ ಯಂತ್ರ ಮೊದಲೇ ಚಾಡಿ ಹೇಳಿರುತ್ತದೆ.

ಈ ಹುಡುಗನಿಗೆ ಐದಕ್ಕೆ ಐದು. ಸ್ಟಾಫ್ ನರ್ಸ್ ಅಕ್ಕನಿಗೂ ಐದು. ತಕರಾರು ಇರುವುದು ಇವರಿಬ್ಬರ ತಲೆಯ ಮೇಲಿನ ಏರ್ಪಾಡಿನ ಬಗ್ಗೆ.

ಏರ್ಪಾಡು ಹೀಗಿದೆ. 2016ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ತಂದಿತು. ಸರ್ಕಾರವೂ ಖಾಸಗಿಯವರೂ ಪಾಲುದಾರರಾಗಿ ನಡೆಸುವ ಪದ್ಧತಿ. ಖಾಸಗಿಯವರು ಯಂತ್ರ, ನೀರು ಶುದ್ಧ ಮಾಡುವ ಆರ್‌ಓ ಘಟಕ, ರಕ್ತ ಸೋಸುವ ಡಯಲೈಸರ್, ಕೊಳವೆ ಮತ್ತು ಸಿಬ್ಬಂದಿಯನ್ನು ತರಬೇಕು. ಸರ್ಕಾರ ಜಾಗ, ವಿದ್ಯುತ್ತು, ನೀರು, ಔಷಧಿ ಕೊಟ್ಟು, ಬಡವರ ಪರವಾಗಿ ಒಂದೊಂದು ಸಲದ ಡಯಾಲಿಸಿಸ್ಸಿಗೆ ಇಷ್ಟು ಎಂದು ಹಣ ಪಾವತಿಸಬೇಕು. ಕಾಗದದ ಮೇಲೆ ಅಚ್ಚುಕಟ್ಟಾದ ಮನೆಪಾಲು. ಆದರೆ ಅಣ್ಣತಮ್ಮಂದಿರು ಪಾಲಾದ ಮನೆಗಳಲ್ಲಿ ನಡುವಿನ ಗೋಡೆಯ ಹೆಂಚು ಒಡೆದರೆ ಯಾರು ಹೊದಿಸಬೇಕೆಂಬುದು ಯಾವ ಪಾಲುಪತ್ರದಲ್ಲೂ ಇರುವುದಿಲ್ಲವಲ್ಲ, ಹಾಗಾಗಿದೆ.

ಎರಡು ವರ್ಷದ ಹಿಂದಿನ ಆಷಾಢ. ಎರಡನೆಯ ಪಾಳಿ, ಹೊರಗೆ ಮಧ್ಯಾಹ್ನವೋ ಸಂಜೆಯೋ ತಿಳಿಯದಂಥ ಮಳೆ. ಯಂತ್ರಕ್ಕೆ ಹತ್ತಿ ಎರಡು ತಾಸಾಗಿತ್ತು, ಕರೆಂಟು ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಯಂತ್ರದೊಳಗಿನ ಬ್ಯಾಟರಿ ರಕ್ತದ ಪಂಪನ್ನು ಸ್ವಲ್ಪ ಹೊತ್ತು ತಿರುಗಿಸುತ್ತದೆ, ಅಷ್ಟರಲ್ಲಿ ಜನರೇಟರ್ ಏಳಬೇಕು. ಜನರೇಟರ್ ಆಸ್ಪತ್ರೆಯದು, ಅದರಲ್ಲಿ ಡೀಸೆಲ್ ಇರಲಿಲ್ಲ. ನಡುವೆ ಒಂದು ಯುಪಿಎಸ್ ಇದೆ, ಅದು ಕಂಪನಿಯದು. ಅದರ ಬ್ಯಾಟರಿ ಸತ್ತು ಮೂರು ತಿಂಗಳಾಗಿತ್ತಂತೆ. ಐದು ಯಂತ್ರಗಳೂ ಒಟ್ಟಿಗೆ ಕೂಗತೊಡಗಿದವು. ಹುಡುಗ ಮತ್ತು ನರ್ಸ್ ಅಕ್ಕ ಮೊಬೈಲ್ ಬೆಳಕನ್ನು ನಮ್ಮಂಥ ಜೊತೆಗಾರರ ಕೈಗೆ ಕೊಟ್ಟು, ಪಂಪಿನ ಹಿಡಿಯನ್ನು ಕೈಯಿಂದಲೇ ತಿರುಗಿಸಿ, ಒಬ್ಬೊಬ್ಬರ ರಕ್ತವನ್ನೂ ಮೈಗೆ ಮರಳಿಸಿದರು. ನಾನು ಹಿಡಿದ ಬೆಳಕು ಅಲ್ಲಾಡುತ್ತಿತ್ತು. "ಸೆಕ್ರೆಟರಿಯವರೇ, ಗಟ್ಟಿಯಾಗಿ ಹಿಡಿಯಿರಿ" ಎಂದ ಹುಡುಗ. ಪಕ್ಕದ ಹಾಸಿಗೆಯಲ್ಲಿ ಮೀನು ಮಾರುವ ಹೆಂಗಸೊಬ್ಬಳಿದ್ದಳು. ನನ್ನವಳ ಕಡೆ ತಿರುಗಿ, "ಅಕ್ಕ, ನಮ್ಮ ರಕ್ತ ಎಲ್ಲ ಆ ಪೈಪಿನಲ್ಲೇ ಉಳಿದರೆ ಯಾರ ಲೆಕ್ಕಕ್ಕೆ?" ಎಂದಳು. ಆ ಕತ್ತಲೆಯಲ್ಲೂ ಇಬ್ಬರೂ ನಕ್ಕರು.

ಯಾರ ಲೆಕ್ಕಕ್ಕೆ ಎಂಬುದನ್ನು ನಾನು ಮಾರನೆಯ ವಾರ ನೋಡಿದೆ. ತಿಂಗಳ ಪಟ್ಟಿಗೆ ನಮ್ಮ ಸಹಿ ತೆಗೆದುಕೊಳ್ಳುತ್ತಾರೆ. ಆ ದಿನದ ಎದುರು 'ಒಂದು' ಎಂದು ಬರೆದಿತ್ತು. ನಾಲ್ಕು ತಾಸು ಆಗಬೇಕಾದ್ದು ಎರಡು ತಾಸು ಹತ್ತು ನಿಮಿಷಕ್ಕೆ ನಿಂತರೂ ಒಂದೇ. ಅವಳು ಆಮೇಲೆ ಎರಡು ರಾತ್ರಿ ಉಸಿರು ಕಟ್ಟಿ ದಿಂಬಿಗೆ ಒರಗಿ ಕೂತೇ ಕಳೆದಳು, ಅದಕ್ಕೆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಕಂಪನಿ ಸುಳ್ಳು ಬರೆಯಿತು ಎನ್ನುವಂತಿಲ್ಲ. ಒಪ್ಪಂದ ಕೇಳಿದ್ದನ್ನು ಬರೆಯಿತು. ಒಪ್ಪಂದ ಎಣಿಸುತ್ತಿದ್ದದ್ದು ಸೂಜಿ ಚುಚ್ಚಿದ ಸಲಗಳನ್ನು.

ಇನ್ನೊಂದು, ಇದಕ್ಕಿಂತ ಸದ್ದಿಲ್ಲದ ಸಮಸ್ಯೆ. ಮೂತ್ರಪಿಂಡ ಸೋತವರಲ್ಲಿ ರಕ್ತ ಹುಟ್ಟುವುದೂ ಕಡಿಮೆಯಾಗುತ್ತದೆ, ಅದಕ್ಕೊಂದು ಇಂಜೆಕ್ಷನ್ ಬೇಕು. ಔಷಧಿ ಸರ್ಕಾರದ ಪಾಲು. ಆಸ್ಪತ್ರೆಯ ಔಷಧಾಲಯದಲ್ಲಿ ಅದು ಇಲ್ಲದ ತಿಂಗಳುಗಳಲ್ಲಿ "ಇಂಡೆಂಟ್ ಕಳಿಸಿದ್ದೇವೆ" ಎಂಬ ಉತ್ತರ. ಕಂಪನಿಯವರನ್ನು ಕೇಳಿದರೆ "ನಮ್ಮದು ಯಂತ್ರ ಮಾತ್ರ". ಎರಡೂ ಸತ್ಯ. ಆ ನಡುವೆ ನನ್ನವಳ ಹಿಮೋಗ್ಲೋಬಿನ್ 7.2ಕ್ಕೆ ಇಳಿಯಿತು. ಡಯಾಲಿಸಿಸ್ ಒಂದೂ ತಪ್ಪಿರಲಿಲ್ಲ, ಪಟ್ಟಿಯಲ್ಲಿ ತಿಂಗಳಿಗೆ ಹದಿಮೂರಕ್ಕೆ ಹದಿಮೂರು. ಅಡುಗೆಮನೆಯಿಂದ ಜಗುಲಿಗೆ ಬರಲು ಮಾತ್ರ ನಡುವೆ ಒಮ್ಮೆ ಕೂರಬೇಕಾಗಿತ್ತು.

ಇಲ್ಲಿ ನನ್ನ ತೋಟದ ಮಾತು ತರಲೇಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಹೊಡೆಸುತ್ತೇವೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ನಾನು ಹೊಡೆಯುವವನಿಗೆ ಬ್ಯಾರೆಲ್ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದೆ. ಬ್ಯಾರೆಲ್ ಬೇಗ ಬೇಗ ಖಾಲಿಯಾಗುತ್ತಿತ್ತು, ಅಡಿಕೆ ಕೊನೆಗಳ (ಗೊನೆಗಳ) ಹಿಂಭಾಗ ಒಣಗಿಯೇ ಇರುತ್ತಿತ್ತು, ಶ್ರಾವಣದಲ್ಲಿ ಕೊಳೆ ಅಡಿಕೆ ಉದುರುತ್ತಿತ್ತು. ಒಂದು ವರ್ಷ ರೋಸಿ, "ಕೊಳೆ ಬಾರದಿದ್ದರೆ ಮಾತ್ರ ಪೂರ್ತಿ ಕೂಲಿ" ಎಂದೆ. ಆತ ಕೊಕ್ಕೆ ಕೆಳಗಿಟ್ಟು, "ಹಾಗಾದರೆ ಮಳೆಯ ಹತ್ತಿರವೂ ಕರಾರು ಮಾಡಿಸಿಕೊಳ್ಳಿ ಒಡೆಯರೇ" ಎಂದು ಹೇಳಿ ಬೇರೆ ತೋಟಕ್ಕೆ ಹೋದ. ಸರಿಯಾಗಿಯೇ ಹೇಳಿದ್ದ. ಆಮೇಲೆ ರಾಜಿಯಾದದ್ದು ಹೀಗೆ: ದಿನಗೂಲಿ ಖಚಿತ, ಹೊಡೆದ ಮರುದಿನ ನಾವಿಬ್ಬರೂ ಸೇರಿ ಇಪ್ಪತ್ತು ಮರದ ಕೊನೆಗಳನ್ನು ನೋಡುವುದು, ಹಿಂಭಾಗಕ್ಕೂ ನೀಲಿ ಹತ್ತಿದ್ದರೆ ಮೇಲೆ ಇಷ್ಟು, ಮದ್ದಿಗೆ ಅಂಟು ತಂದುಕೊಡುವುದು ನನ್ನ ಹೊಣೆ, ತರದಿದ್ದರೆ ನನ್ನ ತಪ್ಪು. ಮಳೆಯನ್ನು ಯಾರ ತಲೆಗೂ ಕಟ್ಟಲಿಲ್ಲ.

ನನ್ನ ಸೋದರ ಸೊಸೆ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಈ ಕಥೆ ಹೇಳಿದಾಗ, "ಮಾವ, ಇದಕ್ಕೆ ಫಲಿತಾಂಶ ಆಧಾರಿತ ಪಾಲುದಾರಿಕೆ ಎನ್ನುತ್ತಾರೆ" ಎಂದಳು. ಹೆಸರು ಕೇಳಿದರೆ ಸೆಮಿನಾರಿನ ಬ್ಯಾನರ್ ಕಣ್ಣಿಗೆ ಬರುತ್ತದೆ. ಆದರೆ ಅವಳು ಹೇಳಿದ ಉದಾಹರಣೆಗಳು ಗಟ್ಟಿಯಾಗಿದ್ದವು. ಇಂಗ್ಲೆಂಡಿನ ಪೀಟರ್‌ಬರೋ ಜೈಲಿನಲ್ಲಿ 2010ರಲ್ಲಿ ಶುರುವಾದ ಪ್ರಯೋಗದಲ್ಲಿ, ಸಣ್ಣ ಅವಧಿಯ ಶಿಕ್ಷೆ ಮುಗಿಸಿ ಹೊರಬಂದವರ ಕೈ ಹಿಡಿಯುವ ಕೆಲಸಕ್ಕೆ ಹೂಡಿಕೆದಾರರು ಹಣ ಹಾಕಿದರು. ಮರಳಿ ಅಪರಾಧ ಮಾಡುವುದು ನಿಗದಿಯಷ್ಟು ಕಡಿಮೆಯಾದರೆ ಮಾತ್ರ ಅವರಿಗೆ ಹಣ ವಾಪಸ್ಸು. 7.5 ಶೇಕಡಾ ಇಳಿಯಬೇಕಿತ್ತು, 9 ಶೇಕಡಾ ಇಳಿಯಿತು ಎಂದು 2017ರಲ್ಲಿ ಲೆಕ್ಕ ಬಂತು. ನಮ್ಮಲ್ಲೇ ರಾಜಸ್ಥಾನದ ಭೀಲ್ವಾಡಾ ಜಿಲ್ಲೆಯಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಎಂಬ ಸಂಸ್ಥೆ ಇದೇ ಬಗೆಯ ಕರಾರಿನಲ್ಲಿ ಕೆಲಸ ಮಾಡಿತು. ಹೆಣ್ಣುಮಕ್ಕಳು ಶಾಲೆಗೆ ಸೇರಿದರೇ, ಮಕ್ಕಳು ಕಲಿತರೇ ಎಂಬುದನ್ನು ಹೊರಗಿನವರು ಬಂದು ಅಳೆದರು. ಕೊನೆಗೆ ಕಲಿಕೆ ಗುರಿಯ 160 ಶೇಕಡಾ ಮುಟ್ಟಿತ್ತು. ಸ್ವಾರಸ್ಯವೆಂದರೆ ಮೊದಲ ಎರಡು ವರ್ಷ ಲೆಕ್ಕ ಹಿಂದೆಬಿದ್ದಿತ್ತು. ನಡುವೆ ಅಳೆದು ನೋಡಿದ್ದರಿಂದ ಕಲಿಸುವ ಕ್ರಮವನ್ನು ಬದಲಿಸಲು ಆಯಿತು.

ಹೂಡಿಕೆ, ಬಡ್ಡಿ ಎಂದಾಗ ನನ್ನೊಳಗಿನ ಸೊಸೈಟಿ ಕಾರ್ಯದರ್ಶಿಗೆ ಅನುಮಾನ. ನನಗೆ ಹಿಡಿಸಿದ್ದು ಅಮೆರಿಕದ ಡಯಾಲಿಸಿಸ್ಸಿನ ಲೆಕ್ಕ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2012ರಿಂದ ಡಯಾಲಿಸಿಸ್ ಕೇಂದ್ರಗಳ ಗುಣಮಟ್ಟವನ್ನು ಅಂಕದಲ್ಲಿ ಅಳೆಯುತ್ತದೆ, ಅಂಕ ಕಡಿಮೆಯಾದರೆ ಪಾವತಿಯಲ್ಲಿ ಗರಿಷ್ಠ 2 ಶೇಕಡಾ ಹಿಡಿದುಕೊಳ್ಳುತ್ತದೆ. ಬರೀ ಎರಡು. ಕೂಲಿ ಖಚಿತ, ಮೇಲಿನದು ನೀಲಿ ಹತ್ತಿದ್ದರೆ. ಪೂರ್ತಿ ಹಣವನ್ನೇ ರೋಗಿಯ ಆರೋಗ್ಯಕ್ಕೆ ಕಟ್ಟಿದರೆ ಏನಾಗುತ್ತದೆ ಎಂಬುದು ಅಡಿಕೆ ವ್ಯಾಪಾರ ಕಂಡ ಯಾರಿಗೂ ಗೊತ್ತು: ಆರಿಸಿದ ಮಾಲನ್ನೇ ತೆಗೆದುಕೊಳ್ಳುತ್ತಾರೆ. ಎಪ್ಪತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೇರೆ ಯಂತ್ರ ಮೀಸಲಿಡಬೇಕಾದ ಹೆಪಟೈಟಿಸ್ ರೋಗಿಗಳಿಗೆ "ಹಾಸಿಗೆ ಖಾಲಿ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಾಗಾದರೆ ನಮ್ಮ ಘಟಕಕ್ಕೆ ಎರಡನೆಯ ವರ್ಷದ ಕೊನೆಯಿಂದ ಹೆಚ್ಚು ಅಂಕ ಕೊಡುತ್ತಿದ್ದೇನೆ, ಯಾಕೆ? ಒಂದು ನೋಟ್‌ಬುಕ್ಕಿನಿಂದ. ಇದರಲ್ಲಿ ನನ್ನದೂ ಕೈಯಿರುವುದರಿಂದ ಈ ಭಾಗವನ್ನು ಸ್ವಲ್ಪ ರಿಯಾಯಿತಿಯಲ್ಲಿ ಓದಿಕೊಳ್ಳಿ.

ನಾನು ಇನ್ನೂರು ಪುಟದ ಉದ್ದನೆಯ ರೂಲ್ಡ್ ಪುಸ್ತಕ ಒಂದನ್ನು ತಂದು, ಸೊಸೈಟಿಯಲ್ಲಿ ಸಾಲದ ಖಾತೆಗೆ ಎಳೆಯುತ್ತಿದ್ದಂತೆ ಗೆರೆ ಎಳೆದೆ. ಬಂದಾಗಿನ ತೂಕ, ಹೋಗುವಾಗಿನ ತೂಕ, ಯಂತ್ರದ ಮೇಲೆ ನಿಜವಾಗಿ ಇದ್ದ ಹೊತ್ತು, ತಿಂಗಳಿಗೊಮ್ಮೆ ಹಿಮೋಗ್ಲೋಬಿನ್. ಕೊನೆಯದು ಅಗಲವಾದ ಕಾಲಮ್ಮು: ತಪ್ಪಿದರೆ ಅಥವಾ ಬೇಗ ಇಳಿಸಿದರೆ ಕಾರಣ. ಮೊದಲು ನಮ್ಮ ಮನೆಯ ಲೆಕ್ಕ ಮಾತ್ರ ಬರೆದೆ. ಮೀನಿನವಳ ಮಗ ನೋಡಿ, "ಅಜ್ಜ, ನಮ್ಮ ಆಯಿಯದೂ ಬರೆಯಿರಿ" ಎಂದ. ಎರಡು ತಿಂಗಳಲ್ಲಿ ಹೆಚ್ಚಿನವರು ಬರೆಸಿದರು, ಆಮೇಲೆ ನರ್ಸ್ ಅಕ್ಕ ಪುಸ್ತಕವನ್ನೇ ವಹಿಸಿಕೊಂಡಳು. ಯಾರ ಹೆಸರೂ ಇಲ್ಲ, ಹಾಸಿಗೆ ಮತ್ತು ಪಾಳಿಯ ಗುರುತು ಮಾತ್ರ.

ಮೂರು ತಿಂಗಳ ಬಳಿಕ ಕೊನೆಯ ಕಾಲಮ್ಮನ್ನು ಕೂಡಿಸಿದೆವು. ನಮ್ಮ ಎಣಿಕೆಯಲ್ಲಿ ಕರೆಂಟು ಎರಡನೆಯದು. ಎಲ್ಲಕ್ಕಿಂತ ಹೆಚ್ಚು ಸಲ ಬರೆದಿದ್ದ ಕಾರಣ 'ಬಸ್ಸು'. ಮೂರನೆಯ ಪಾಳಿಯವರು ಕೊನೆಯ ಬಸ್ಸು ಹಿಡಿಯಲು ಅರ್ಧ ತಾಸು, ಮುಕ್ಕಾಲು ತಾಸು ಮೊದಲೇ ಇಳಿಸಿಕೊಂಡು ಓಡುತ್ತಿದ್ದರು. ಸೂಜಿ ತೆಗೆದ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೇ ಬಸ್ಸು ಹತ್ತುತ್ತಿದ್ದರು. ವೈದ್ಯರಾಗಲಿ ಕಂಪನಿಯಾಗಲಿ ಆರೋಗ್ಯ ಇಲಾಖೆಯಾಗಲಿ ಹುಡುಕುವ ಜಾಗದಲ್ಲಿ ಆ ಕಾರಣ ಇರಲಿಲ್ಲ. ಅದು ಇದ್ದದ್ದು ಬಸ್ ಡಿಪೋದಲ್ಲಿ.

ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂದು ಇರುತ್ತದೆ. ನರ್ಸ್ ಅಕ್ಕ ಪುಸ್ತಕವನ್ನು ಅದರ ಸಭೆಗೆ ಒಯ್ದಳು. ಅಲ್ಲಿ ಮೊದಲ ಬಾರಿಗೆ ಕಂಪನಿಯ ಮೇಲ್ವಿಚಾರಕ, ಆಸ್ಪತ್ರೆಯ ಔಷಧಾಲಯದವರು, ಊರಿನ ಸೇವಾ ಕ್ಲಬ್ಬಿನ ಇಬ್ಬರು ಮತ್ತು ನಾನು ಒಂದೇ ಮೇಜಿನ ಸುತ್ತ ಕೂತದ್ದು. ಅರ್ಧ ತಾಸು ಹಳೆಯ ಪಂಚಾಂಗವೇ ನಡೆಯಿತು: ಡೀಸೆಲ್ ನಿಮ್ಮದು, ಬ್ಯಾಟರಿ ನಿಮ್ಮದು. ಕ್ಲಬ್ಬಿನವರು ಹಣ್ಣು ಹಂಚುವ ಕಾರ್ಯಕ್ರಮಕ್ಕೆ ತಾರೀಖು ಕೇಳಿದರು. ಡಯಾಲಿಸಿಸ್ ರೋಗಿಗಳಿಗೆ ಬಾಳೆಹಣ್ಣು! ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಕುತ್ತು. ಎಳನೀರನ್ನು ಕಣ್ಣಲ್ಲಿ ಮಾತ್ರ ಕುಡಿಯುವವರು, ಸೊಪ್ಪನ್ನು ಬೇಯಿಸಿ ನೀರು ಬಸಿದು ತಿನ್ನುವವರು ನಾವು. ನರ್ಸ್ ಅಕ್ಕ ನಗುತ್ತಲೇ, "ಹಣ್ಣು ಬೇಡ, ಬ್ಯಾಟರಿ ಕೊಡಿಸಿ" ಎಂದು ಪುಸ್ತಕ ಬಿಚ್ಚಿಟ್ಟಳು. ಪುಟದ ಮೇಲೆ ಗೆರೆ, ಅಂಕಿ. ಮಾತು ಸಣ್ಣದಾಯಿತು.

ಬ್ಯಾಟರಿ ಬಂತು. ಡೀಸೆಲ್ಲಿಗೆ ತಿಂಗಳ ಮೊದಲ ವಾರ ಡಬ್ಬಿ ತುಂಬಿಸಿ ಸಹಿ ಮಾಡುವ ಪದ್ಧತಿಯಾಯಿತು. ಇಂಜೆಕ್ಷನ್ ಮುಗಿಯುವ ಹದಿನೈದು ದಿನ ಮೊದಲೇ ಪುಸ್ತಕ ನೋಡಿ ಇಂಡೆಂಟ್ ಹೋಗುತ್ತಿದೆ. ಡಿಪೋಗೆ ಸಮಿತಿಯಿಂದ ಪತ್ರ ಹೋಗಿ, ನಾಲ್ಕು ತಿಂಗಳು ಕಾದು, ಎರಡು ಸಲ ನಾನೇ ಹೋಗಿ ಬೆಂಚಿನ ಮೇಲೆ ಕೂತು ಬಂದ ಮೇಲೆ, ನಮ್ಮ ದಿಕ್ಕಿನ ಕೊನೆಯ ಬಸ್ಸು ಇಪ್ಪತ್ತೈದು ನಿಮಿಷ ತಡವಾಗಿ ಹೊರಡತೊಡಗಿತು. ಕಳೆದ ತಿಂಗಳು ನನ್ನವಳ ಹಿಮೋಗ್ಲೋಬಿನ್ 10.4. ಮೊನ್ನೆ ಉಪ್ಪಿನಕಾಯಿಗೆಂದು ತಂದ ಅಪ್ಪೆಮಿಡಿ ಮಾವಿನ ತೊಟ್ಟು ಮುರಿಯಲು ತಾನೇ ಕೂತಿದ್ದಳು. ತಿನ್ನುವಂತಿಲ್ಲ, ಉಪ್ಪು. ಸೊನೆಯ ವಾಸನೆಗೆ ನಿರ್ಬಂಧವಿಲ್ಲವಲ್ಲ ಎಂದಳು.

ಇಷ್ಟಾದರೂ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಈ ಪುಸ್ತಕ ಒಪ್ಪಂದದಲ್ಲಿ ಇಲ್ಲ. ಹಣ ಈಗಲೂ ಸಲಕ್ಕೆ ಇಷ್ಟು ಎಂದೇ ಪಾವತಿಯಾಗುತ್ತದೆ, ಎರಡು ತಾಸಿಗೂ ಒಂದು, ನಾಲ್ಕು ತಾಸಿಗೂ ಒಂದು. ನರ್ಸ್ ಅಕ್ಕನಿಗೆ ವರ್ಗವಾದರೆ, ಗುತ್ತಿಗೆಯ ಅವಧಿ ಮುಗಿದು ಬೇರೆ ಕಂಪನಿ ಬಂದರೆ ಅದು ಬೀರುವಿನ ಮೇಲಿನ ಹಳೆಯ ಪುಸ್ತಕ. ಹುಡುಗನಿಗೆ ಸಂಬಳ ಎರಡು ತಿಂಗಳು ತಡವಾದಾಗ ಅವನು ಊರಿಗೆ ಹೋಗಿಬಿಡುತ್ತಾನೋ ಎಂದು ನಾವೆಲ್ಲ ಎದೆ ಹಿಡಿದುಕೊಂಡಿದ್ದೆವು. ಸಿಬ್ಬಂದಿಯ ಸಂಬಳ ಸಕಾಲಕ್ಕೆ ಆಯಿತೇ ಎಂಬ ಕಾಲಮ್ಮನ್ನೂ ಟೆಂಡರಿನಲ್ಲಿ ಹಾಕಬೇಕು. ಸರ್ಕಾರದ ಪಾಲಿನ ಡೀಸೆಲ್ಲು, ಔಷಧಿ ತಪ್ಪಿದ ದಿನಗಳನ್ನೂ ಅದೇ ಪುಟದಲ್ಲಿ ಬರೆಯಬೇಕು. ಅಂಟು ತರದ ಯಜಮಾನನ ತಪ್ಪು ಬಿಟ್ಟು ಕೂಲಿಯವನ ತಪ್ಪು ಮಾತ್ರ ಎಣಿಸಿದರೆ ಯಾವ ಕೂಲಿಯವನೂ ಉಳಿಯುವುದಿಲ್ಲ. ಮುಂದಿನ ಟೆಂಡರ್ ಬರೆಯುವ ಅಧಿಕಾರಿ ಇದನ್ನು ಓದಿದರೆ, ನನ್ನ ಪುಸ್ತಕದ ಜೆರಾಕ್ಸ್ ಪ್ರತಿ ಸಮಿತಿಯ ಕಡತದಲ್ಲಿದೆ, ಕೇಳಿ ತರಿಸಿಕೊಳ್ಳಲಿ.

ಅಂಕ: ಕೆಲಸ ಮಾಡುವ ಕೈಗಳಿಗೆ ಐದು, ಪುಸ್ತಕಕ್ಕೆ ನಾಲ್ಕು (ಅಕ್ಷರ ನನ್ನದಾದ್ದರಿಂದ ಒಂದು ಕಡಿಮೆ), ಒಪ್ಪಂದಕ್ಕೆ ಎರಡು.

ಹೊಸದಾಗಿ ಬರುವವರಿಗೆ ಕೆಲವು ಮಾತು. ಸಾಧ್ಯವಿದ್ದರೆ ಮೊದಲ ಪಾಳಿ ಕೇಳಿ, ಮಳೆಗಾಲದಲ್ಲಿ ಅದೇ ಸುರಕ್ಷಿತ. ಮಾರಿಕಾಂಬಾ ಜಾತ್ರೆಯ ವಾರ ಶಿರಸಿಯ ಮೂಲಕ ಬರುವವರು ಒಂದು ತಾಸು ಮೊದಲೇ ಹೊರಡಿ. ಒಂದು ಸಲದ ಡಯಾಲಿಸಿಸ್ಸಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು, ಆದ್ದರಿಂದ ಬೇಸಿಗೆಯಲ್ಲಿ ಹೊರಡುವ ಮುನ್ನ ಟ್ಯಾಂಕಿನಲ್ಲಿ ನೀರಿದೆಯೇ ಎಂದು ಫೋನ್ ಮಾಡಿ ಕೇಳಿ; ಬೇಸರ ಮಾಡಿಕೊಳ್ಳುವುದಿಲ್ಲ. ತಿಂಗಳ ಪಟ್ಟಿಗೆ ಸಹಿ ಹಾಕುವ ಮೊದಲು ಎಷ್ಟು ಹೊತ್ತು ಆಯಿತೆಂದು ಪಕ್ಕದಲ್ಲಿ ಸಣ್ಣದಾಗಿ ಬರೆಯಿರಿ, ಯಾರೂ ತಡೆಯುವುದಿಲ್ಲ. ಕಂಬಳಿಯನ್ನು ನೀವೇ ತನ್ನಿ. ರಕ್ತ ಹೊರಗೆ ಸುತ್ತಿ ಬರುವಾಗ ತಣ್ಣಗಾಗಿರುತ್ತದೆ, ಮೂರನೆಯ ತಾಸಿನಲ್ಲಿ ಚಳಿ ಹಿಡಿಯುತ್ತದೆ. ಆ ಫ್ಯಾನಿನ ರೆಗ್ಯುಲೇಟರ್ ಕೆಟ್ಟಿದೆ. ಅದು ಕಂಪನಿಯ ಪಾಲಿಗೆ ಬರುತ್ತದೋ ಆಸ್ಪತ್ರೆಯ ಪಾಲಿಗೋ ಎಂಬುದು ಮುಂದಿನ ಸಭೆಯ ವಿಷಯಸೂಚಿಯಲ್ಲಿ ನಾಲ್ಕನೆಯದು.